ನಡಾವಳಿಗೆ ಸೇರದ್ದು

ದಾವಣಗೆರೆ, ಭಾಷಾ ನಗರ, ಬೀಬಿಜಾನಳ ಹಿತ್ತಲಿನ ಶೀಟಿನ ಕೋಣೆ.
ಹಾಜರಿ ಇಪ್ಪತ್ತಮೂರು, ಗೈರು ನಾಲ್ಕು.
ಇಷ್ಟನ್ನು ಪುಸ್ತಕದಲ್ಲಿ ಬರೆದಿದ್ದೇನೆ.
ನಾನು ಕಾರ್ಯದರ್ಶಿ. ಅಂದರೆ ಸಂಘದಲ್ಲಿ
ಎಸ್ಸೆಸ್ಸೆಲ್ಸಿ ಮುಟ್ಟಿದವಳು ನಾನೊಬ್ಬಳೇ.

ಬರೆಯದ್ದು:
ಮಂಡಕ್ಕಿ ಭಟ್ಟಿಯ ಹೊಗೆ ಅವತ್ತು ಇತ್ತಲೇ ತಿರುಗಿತ್ತು.
ಮೊರವನ್ನು ಯಾರೂ ಮನೆಯಲ್ಲಿ ಬಿಟ್ಟು ಬಂದಿರಲಿಲ್ಲ.
ಹಕ್ಕು ಕೇಳುವ ಹೊತ್ತಿಗೂ ಸಾವಿರದ ಲೆಕ್ಕ ನಿಲ್ಲುವುದಿಲ್ಲ,
ಒದ್ದೆ ಎಲೆ, ಕತ್ತರಿ, ಚಿಟಿಕೆ ತಂಬಾಕು, ದಾರ ಎರಡು ಸುತ್ತು.

ಸಕ್ಕರೆ ಡಬ್ಬಿಗೆ ಒರಗಿಸಿದ ಮೊಬೈಲಿನಲ್ಲಿ
ಬಾಂಗ್ಲಾದ ರಂಗಪುರ ಬಂತು.
ಅಲ್ಲೂ ಚಾಪೆ, ಅಲ್ಲೂ ಶೀಟು, ಅಲ್ಲೂ ಒಬ್ಬಳು
ಪುಸ್ತಕ ಹಿಡಿದು ಕೂತವಳು. ಅವಳನ್ನು ಕಂಡು
ನಾನು ಸೆರಗು ಸರಿಮಾಡಿಕೊಂಡೆ.
ಅವರ ಮಾತು ಢಾಕಾದ ಹುಡುಗಿಯ ಬಾಯಲ್ಲಿ ಹಿಂದಿಯಾಗಿ,
ನಮ್ಮ ಶರೀಫಾಳ ಬಾಯಲ್ಲಿ ಅರ್ಧ ಉರ್ದು ಅರ್ಧ ಕನ್ನಡವಾಗಿ
ಕರಿಬಸಮ್ಮನ ಕಿವಿ ಮುಟ್ಟುವಷ್ಟರಲ್ಲಿ
ಚಹಾ ಆರುತ್ತಿತ್ತು.
ನಡುವೆ ಅಲ್ಲಿ ಯಾರೋ ಕೆಮ್ಮಿದರು.
ಶರೀಫಾ ಅದನ್ನು ಕನ್ನಡ ಮಾಡಲಿಲ್ಲ.

ಅಲ್ಲಿ ಎಲೆಯಿಲ್ಲ, ಕಾಗದದ ಕೊಳವೆಗೆ ತಂಬಾಕು ತುಂಬುತ್ತಾರಂತೆ.
"ಕಾಗದದ್ದಾ? ಹಂಗಾರೆ ಅದು ಸಿಗರೇಟು ಕಣ್ರೇ,
ಮಾಲು ಸಾಹೇಬ್ರದು, ಕೂಲಿ ಮಾತ್ರ ನಮ್ದು!"
ಕರಿಬಸಮ್ಮನ ಮಾತು ಮೂರು ಭಾಷೆ ದಾಟಿ ಹೋಗಿ
ಅಲ್ಲಿಯ ನಗು ತಿರುಗಿ ಬರುವ ತನಕ ಕಾದೆವು.
ಬಂತು.

ಕೊಲಂಬೋದಲ್ಲಿ, ಮನೆಯಲ್ಲೇ ಕೂತು ದುಡಿಯುವ
ಹಲವು ದೇಶದ ಹೆಂಗಸರ ಸಭೆ. ನಮ್ಮ ಕಡೆಯಿಂದ
ಖಮರುನ್ನೀಸಾ ಎಂದು ಆರಿಸಿದ್ದೆವು.
ಪಾಸ್‌ಪೋರ್ಟ್ ಕಚೇರಿಯ ಗಾಜಿನ ಮೇಲೆ
ಹತ್ತು ಬೆರಳೂ ಒತ್ತಿದಳು. ಯಂತ್ರ ಹತ್ತನ್ನೂ ಒಲ್ಲೆ ಅಂತು.
ಮೂವತ್ತೊಂದು ವರ್ಷದ ಎಲೆ ಗೆರೆಗಳನ್ನು ತಿಂದಿತ್ತು.
"ಕೊಬ್ಬರಿ ಎಣ್ಣೆ ಹಚ್ಚಿ ವಾರ ಬಿಟ್ಟು ಬಾರಮ್ಮ"
ಎಂದ ಹುಡುಗ ಒಳ್ಳೆಯವನೇ. ಹಚ್ಚಿದಳು.
ಎಣ್ಣೆ ಬೆರಳಿಗೆ ದಾರ ಜಾರಿತು,
ಕಟ್ಟಿನಲ್ಲಿ ಅರ್ಧ ಬೀಡಿಯನ್ನು ಗುತ್ತಿಗೆದಾರ ತೆಗೆದು ಬಿಸಾಕಿದ,
ಗೆರೆ ಮಾತ್ರ ಬರಲಿಲ್ಲ.

ಇದನ್ನು ಕೇಳಿ ಆ ಕಡೆಯ ಮೊರ್ಜಿನಾ
ಏನೂ ಹೇಳದೆ ಕೈ ಮುಂದೆ ತಂದಳು.
ಪರದೆ ತುಂಬ ಒಂದು ಹೆಬ್ಬೆರಳು,
ತೊಳೆದಿಟ್ಟ ಹುಣಸೆ ಬೀಜದ ಹಾಗೆ ನುಣುಪು.
ಇಲ್ಲಿ ಮೆಹಬೂಬ್ಬಿ ತನ್ನದನ್ನು ಎತ್ತಿದಳು. ಹನುಮಕ್ಕ ಎತ್ತಿದಳು.
ತಿಂಗಳಿಗೊಮ್ಮೆ ರೇಷನ್ ಅಂಗಡಿಯ ಯಂತ್ರ
ನೀವು ನೀವಲ್ಲ ಎಂದು ಹೇಳಿ ಕಳಿಸುವ ಬೆರಳುಗಳು.
ಒಂದು ಕಾಲಕ್ಕೆ ನಮ್ಮನ್ನು ಹೆಬ್ಬೆಟ್ಟು ಎಂದು ಬೈಯುತ್ತಿದ್ದರು.
ಈಗ ಅದಕ್ಕೂ ನಾವು ಸಾಲುವುದಿಲ್ಲ.

ಖಮರುನ್ನೀಸಾಳ ಬದಲು ಕಾಗದ ಹೋಗಲಿ ಎಂದಾಯಿತು.
ಸಹಿ ಬರುವವರು ಸಹಿ, ಉಳಿದವರು ನೀಲಿ ಶಾಯಿ.
ಒತ್ತಿದ್ದೆಲ್ಲ ಬರೀ ಬೊಟ್ಟು. ಯಾವುದು ಯಾರದು
ಪಕ್ಕದಲ್ಲಿ ಹೆಸರು ಬರೆದ ನನಗೇ ತಿಳಿಯದು.
ರಂಗಪುರದ ಹಾಳೆ ನಮ್ಮದರೊಳಗೆ ಸೇರಿಹೋದರೆ
ಬೇರೆ ಮಾಡಲು ಯಾವ ಸರ್ಕಾರಕ್ಕೂ ಆಗಲಿಕ್ಕಿಲ್ಲ
ಎಂದು ಕೊನೆಗೊಂದು ಸಾಲು ಸೇರಿಸಿದೆ.
"ಅದೆಲ್ಲ ಬ್ಯಾಡ. ಸಾವಿರಕ್ಕೆ ಎಷ್ಟು ಕೇಳೀವಿ, ಅದನ್ನ ಬರಿ"
ಅಂದಳು ಬೀಬಿಜಾನ್. ಹೊಡೆದುಹಾಕಿ ಅದನ್ನು ಬರೆದೆ.

ಚಹಾ ಖರ್ಚು ನೂರಾ ಎಂಭತ್ತು. ಸಭೆ ಮುಕ್ತಾಯ.

ಆದರೆ ಮೊಬೈಲನ್ನು ಎರಡೂ ಕಡೆ ಯಾರೂ ಆರಿಸಿರಲಿಲ್ಲ.
ಅಲ್ಲಿ ಖಾಲಿ ಚಾಪೆ. ಒಂದು ಹೆಣ್ಣುಕೂಸು ಅಂಬೆಗಾಲಿಟ್ಟು ಬಂದು
ಬಹಳ ಹತ್ತಿರದಿಂದ ನಮ್ಮನ್ನು ನೋಡಿತು.
ಕರಿಬಸಮ್ಮ ಮಡಿಲಿನ ಮಂಡಕ್ಕಿ
ಒಂದು ಹಿಡಿ ಎತ್ತಿ ತೋರಿಸಿದಳು.
"ಮುಡಿ!" ಅಂತು ಕೂಸು.
ಶರೀಫಾ ಎದ್ದು ಹೋಗಿದ್ದಳು, ಕೇಳೋಣವೆಂದರೆ ಯಾರಿಲ್ಲ.
"ನನ್ನ ಮುಡಿಗೇನಾತೇ ತಾಯಿ?"
ಎನ್ನುತ್ತ ಕರಿಬಸಮ್ಮನ ಕೈ ತುರುಬಿಗೆ ಹೋಯಿತು.
ಅಲ್ಲಿ ಕೂಸೂ
ತನ್ನ ತಲೆ ಮುಟ್ಟಿಕೊಂಡಿತು.