ಮಾತಲ್ಲ

ನನ್ನ ಕೆಲಸ ಗೆರೆ ಎಳೆಯುವುದು.
ಇಲ್ಲಿಂದ ಇಲ್ಲಿಗೆ ಮಾತು, ಇಲ್ಲಿಂದ ಇಲ್ಲಿಗೆ ಮಾತಲ್ಲ.
ಮತ್ತಿಕೆರೆಯ ಎರಡನೇ ಮಹಡಿ, ಕೆಳಗೆ ಹಿಟ್ಟಿನ ಗಿರಣಿ,
ಅದರ ಸದ್ದು ನೆಲದಿಂದ ಕಾಲಿಗೆ ಹತ್ತುತ್ತದೆ,
ಕಿವಿಗೆ ಮಾತ್ರ ಹೆಡ್‌ಫೋನು, ಅದರೊಳಗೆ ಕೆ.ಆರ್. ಮಾರ್ಕೆಟ್ಟು.

ಬೆಳಗಿನ ಐದೂ ಕಾಲು. ಹೂವಿನ ಸಾಲು.
ಬಸ್ಸಿನ ಬ್ರೇಕು, ತಕ್ಕಡಿಯ ಸರಪಳಿ, ಯಾರದೋ ರೇಡಿಯೊ,
ಎಲ್ಲ ಸೋಸಿ ಗಂಟಲನ್ನಷ್ಟೇ ಹಿಡಿಯುವ ಜರಡಿಗೆ
ನಾನು ಪಾಠ ಹೇಳುತ್ತಿದ್ದೇನೆ.
ಕೆಮ್ಮು ಮಾತಲ್ಲ. ಸೀನು ಮಾತಲ್ಲ.
ಆಕಳಿಕೆ, ಬಿಕ್ಕಳಿಕೆ, ನಿಯಮ ಏಳರ ಪ್ರಕಾರ, ಮಾತಲ್ಲ.

ಹದಿನಾಲ್ಕನೇ ಸೆಕೆಂಡಿಗೆ ಒಬ್ಬ ಕೇಳುತ್ತಾನೆ:
"ಕನಕಾಂಬರ ಇವತ್ತೂ ಇಲ್ವಾ ಮುನಿತಾಯಮ್ಮ?"
ಆಮೇಲೆ ಅಲೆ ಸಪಾಟು.
ಒಂದೇ ಒಂದು ಮುಳ್ಳು, ಸೂಜಿಮೊನೆಯಷ್ಟು,
ನಾಲಗೆ ಅಂಗುಳ ಬಿಟ್ಟ ಸದ್ದು:
ಲೊಚ್.
"ಸರಿ ಬಿಡು, ನಾಳೆ ಬರ್ತೀನಿ" ಅಂದ ಅವನು.
ಜರಡಿಯ ಲೆಕ್ಕದಲ್ಲಿ ಮಾತಾಡಿದವನು ಅವನೊಬ್ಬನೇ.

ಪಕ್ಕದ ಕೋಣೆಯಲ್ಲಿ ಶರ್ವಾಣಿ ಗೋಡೆಗೆ ಬೆಳಕು ಹೊಡೆಯುತ್ತಾಳೆ.
ಬರೀ ಸುಣ್ಣದ ಗೋಡೆ. ಬೊಂಬೆ ಇರುವುದು ಮೂಲೆಯಾಚೆ,
ಕಪ್ಪು ಪರದೆಯ ಹಿಂದೆ.
ಬೆಳಕು ಗೋಡೆಗೆ ಬಡಿದು, ಚದುರಿ, ಆಚೆ ಹೊರಳಿ
ಬೊಂಬೆಯನ್ನು ಸವರಿ, ಮತ್ತೆ ಗೋಡೆಗೆ, ಅಲ್ಲಿಂದ ಯಂತ್ರದ ಕಣ್ಣಿಗೆ;
ಕೋಟಿ ಕಣ ಹೋದರೆ ಒಂದೋ ಎರಡೋ ವಾಪಸು.
ಎಷ್ಟು ತಡವಾಗಿ ಬಂತು ಅನ್ನುವುದೇ ಲೆಕ್ಕ.
ಚಿಟಿಕೆ ಹೊಡೆಯುವಷ್ಟರಲ್ಲಿ ಬೆಳಕು
ನೂರು ಸಲ ಮದ್ರಾಸಿಗೆ ಹೋಗಿ ಬಂದಿರುತ್ತದಂತೆ.
ಅವಳು ಅಳೆಯಬೇಕಾದದ್ದು ಒಂದು ಮೊಳ ದಾಟುವ ಹೊತ್ತು.
(ಹೂವಿನವರ ಮೊಳ ಅಲ್ಲ. ಅದು ಗಿಡ್ಡ.)

ಮೂರು ವಾರ ಬರೀ ಮಬ್ಬು.
ನಿನ್ನೆ ರಾತ್ರಿ ತಲೆ ಮೂಡಿತು, ಭುಜ, ಸೊಂಟ,
ಬಲಗೈ.
ಎಡಗೈ ಇಲ್ಲ.
ಸೂತ್ರ ತಿದ್ದಿದಳು. ಇಲ್ಲ. ಲೆನ್ಸು ಒರೆಸಿದಳು. ಇಲ್ಲ.
ಎರಡು ಗಂಟೆಗೆ ಟೀ ಫ್ಲಾಸ್ಕು ಹಿಡಿದು ಬಂದ ಇನ್ನಾಸಪ್ಪ,
ಚಿಕ್ಕಪೇಟೆಯಿಂದ ಆಟೋದಲ್ಲಿ ಬೊಂಬೆಯನ್ನು ತಬ್ಬಿಕೊಂಡು ತಂದು
ತಾನೇ ಒಳಗೆ ನಿಲ್ಲಿಸಿದವನು,
"ಅದಕ್ಕೆ ಕೈ ಇಲ್ಲವೇ ಇಲ್ಲ ಮೇಡಂ,
ಮುರಿದಿದ್ದಕ್ಕೇ ಇನ್ನೂರು ಕಮ್ಮಿ ಮಾಡಿದ್ರು."

ಅವಳು ನಗಲಿಲ್ಲ. ಪರದೆ ಸರಿಸಿ ಒಳಹೋಗಿ
ಆ ಮೋಟು ತೋಳನ್ನು ಮುಟ್ಟಿ ಬಂದಳು.
ಯಂತ್ರ ಒಪ್ಪಿದ್ದನ್ನು ಅವಳ ಕೈ ಇನ್ನೂ ಒಪ್ಪಬೇಕಿತ್ತು.

ನಾನು ಹದಿನಾಲ್ಕನೇ ಸೆಕೆಂಡಿಗೆ ವಾಪಸು ಹೋದೆ.
ಎಂಬತ್ತು ಮಿಲಿಸೆಕೆಂಡು. ಗೆರೆ ಎಳೆದೆ: ಮಾತು.
ತಪಾಸಣೆಯವರು ತಿರುಗಿ ಕಳಿಸಿದರು, ನಿಯಮ ಏಳು.
ಮತ್ತೆ ಕಳಿಸಿದೆ.
ಈಗ ಕೇಳಿದ್ದಾರೆ, ಮಾತಾದರೆ ಅರ್ಥ ಬರೆಯಿರಿ.

ಇಲ್ಲ ಅಂತ ಬರೆದೆ. ಅಳಿಸಿದೆ.
ಪಾಪ ಅಂತ ಬರೆದೆ.
ಏನು ಮಾಡೋಕಾಗುತ್ತೆ, ತಮಿಳುನಾಡಿನ ಲಾರಿ ಬಂದಿಲ್ಲ,
ಅಷ್ಟೂ ಅದರಲ್ಲಿತ್ತು, ಆದರೆ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ.
ಕರ್ಸರ್ ಮಿಟುಕುತ್ತಿದೆ.
ಬೆಳಕು ಹರಿದಿದೆ, ಕೆಳಗೆ ಯಾರೋ ಮೊದಲ ಡಬ್ಬ ಸುರಿದರು,
ರಾಗಿಯೋ ಗೋಧಿಯೋ,
ಪಾದಕ್ಕೆ ಗೊತ್ತಾಗುತ್ತದೆ.