ಪಾಳಿ ಪುಸ್ತಕ

ಪಟ್ಟಿಯಲ್ಲಿ ಬರೆದದ್ದು ಗಂಡನ ಹೆಸರು.
ಅವ ಗೋವೆಯ ಬಾರ್ಜಿನಲ್ಲಿ ಅದಿರಿನ ಮಗ್ಗುಲಿಗೆ ಮಲಗುತ್ತಾನೆ.
ಪಾಳಿ ಗಂಡಸಿನದಲ್ಲ, ಮನೆಯದು, ಎಂದ ಬುದವಂತ
ಎಲೆಗೆ ಸುಣ್ಣ ಸವರುತ್ತ, ನನ್ನ ಮುಖ ನೋಡದೆ.
ಹಾಗೆ, ಬುಧವಾರ ರಾತ್ರಿ,
ನಾಲ್ಕು ಸೆಲ್ಲಿನ ಟಾರ್ಚು, ಒಂದು ಬಿದಿರ ಕೋಲು,
ಊರಿನೆಲ್ಲರ ಎಂಜಲು ಕಂಡ ಒಂದು ಸೀಟಿ
ನನ್ನ ಪಾಲಿಗೆ.

ಆಷಾಢದಲ್ಲಿ ನಾಗು ಮನೆಯ ತಾಮ್ರದ ಹಂಡೆ ಹೋಯಿತು,
ಕಾಸಿದ ನೀರಿನ ಸಮೇತ.
ಆಮೇಲೆ ಬೊಮ್ಮುವಿನ ಪಂಪು, ಎರಡು ಹೇಟೆ,
ಗಜನಿಯ ಶೀಗಡಿಯಂತೂ ಲೆಕ್ಕಕ್ಕೇ ಇಲ್ಲ.
ಕುಮಟೆಯಿಂದ ಪೊಲೀಸರು ಬಂದು, ಚಾ ಕುಡಿದು,
ನಿಮ್ಮೂರು ನೀವೇ ಕಾಯಿರಿ ಎಂದು ಸೀಟಿ ಕೊಟ್ಟು ಹೋದರು.

ಅಂದಿನಿಂದ ಪ್ರತಿ ಜಗಲಿಗೆ ತೂಗುವುದು ಒಂದು ಗೆರಟೆ,
ಅದರಲ್ಲಿ ದಿನಕ್ಕೊಂದು ಮುಷ್ಟಿ ಕಗ್ಗದ ಅಕ್ಕಿ.
ಕಾಯುವವರು ಚೀಲಕ್ಕೆ ಸುರಿದುಕೊಳ್ಳಬೇಕು;
ಶನಿವಾರ ಮಾರಿದರೆ ಸೆಲ್ಲು, ಮೊಳೆ,
ಜಂತ್ರಡಿ ಬಾಗಿಲಿಗೆ ಹಲಗೆ.
ಗೆರಟೆ ಮುಟ್ಟಿದರೆ ಮನೆ ಮುಟ್ಟಿದ ಲೆಕ್ಕ.

ಜೊತೆಗೆ ಗೋಯ್ದಜ್ಜ. ಅವನ ಕೆಮ್ಮು
ನಮಗಿಂತ ಹತ್ತು ಮಾರು ಮುಂದೆ ನಡೆಯುತ್ತದೆ.
ಕಳ್ಳನಿಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇಕೇ ಅಂದರೆ
ಓಡಿ ಹೋದರೆ ಒಳ್ಳೇದೇ ಅಲ್ವೇ, ಹಿಡಿದು ಎಂತ ಮಾಡೂದು, ಎಂದ.

ಕತ್ತಲಲ್ಲಿ ಅಕ್ಕಿಯೇ ಮಾತಾಡುತ್ತದೆ.
ದಣಪೆಗೆ ಬೀಗ, ಮಾಡಿಗೆ ಕ್ಯಾಮೆರಾ ಇರುವ ಮನೆಯ ಗೆರಟೆಯಲ್ಲಿ
ನುಸಿ ಹಿಡಿದ ರೇಷನ್ ಅಕ್ಕಿ.
ನಾಗು, ಹಂಡೆ ಕಳಕೊಂಡವಳು, ತುಂಬಿ ಚೆಲ್ಲುವಷ್ಟು ಇಟ್ಟಿದ್ದಾಳೆ.
ಕಡೆಯ ಮನೆ ಹಮ್ಮುವಿನದು.
ಚೀಲಕ್ಕೆ ಬಗ್ಗಿಸಿದರೆ ಗಲಗಲ ಎಂದಿತು.
ಟಾರ್ಚು ಹಾಕಿದೆ: ನಾಲ್ಕು ಹುಣಸೆಬೀಜ.
ಅವನ ತಾಯಿ ಸೋಮಿಯ ಕೆಲಸ.
ಬರಿದು ಗೆರಟೆ ತೂಗಿಸಬಾರದಲ್ಲ, ಬಾಗಿಲಿಗೆ.

ಗಜನಿ ಕಟ್ಟೆಯ ಮೇಲೆ ಗಾಳಿ ತಿರುಗಿತ್ತು.
ಭರತ ಏರುವಾಗ ಅಘನಾಶಿನಿ ಒಂದು ವಾಸನೆ ಬಿಡುತ್ತಾಳೆ,
ಹಳೇ ಕಬ್ಬಿಣ, ಹಸಿ ಏಡಿ.
ಜಂತ್ರಡಿಯ ಹತ್ತಿರ ನೀರು ಸದ್ದು ಮಾಡಬಾರದ ಕಡೆ
ಸದ್ದು ಮಾಡುತ್ತಿತ್ತು.
ಬೆಳಕು ಬಿಟ್ಟೆ.
ಎದೆಮಟ್ಟ ನೀರಲ್ಲಿ ಹಮ್ಮು,
ಹೆಗಲಲ್ಲಿ ಹಲಗೆ, ಕಾಲಿಗೆ ಸುತ್ತಿದ ಬಲೆ.

ಇಳಿತದಲ್ಲಿ ಎತ್ತಿದ ಹಲಗೆ ಭರತದಲ್ಲಿ ಕೂರುವುದಿಲ್ಲ.
ಅವನು ಓಡಬಹುದಿತ್ತು.
ಓಡಿದ್ದರೆ ಬೆಳಗಾಗುವಷ್ಟರಲ್ಲಿ ತೆನೆ ಹಾಲುಕಟ್ಟಿದ ಗದ್ದೆಯೆಲ್ಲ
ಕುತ್ತಿಗೆವರೆಗೆ ಸಮುದ್ರ.
ಕಗ್ಗ ಉಪ್ಪು ತಾಳುತ್ತದೆ ಅಂತಾರೆ,
ಅದಕ್ಕೂ ಒಂದು ಮಿತಿ ಉಂಟು.

ಸೀಟಿ ತುಟಿಯಲ್ಲೇ ಇತ್ತು.
ಅದರ ರುಚಿ, ಯಾರದೋ ತಂಬಾಕು, ಯಾರದೋ ಹಸಿವು.
ಬೆಳಕು ತೆಗಿ ಮಾರಾಯ್ತಿ, ಕಣ್ಣಿಗೆ ಹೊಡೀತದೆ,
ಎಂದದ್ದು ಹಮ್ಮುವಲ್ಲ, ಗೋಯ್ದಜ್ಜ,
ಆಗಲೇ ಪಂಚೆ ಎತ್ತಿ ಕಟ್ಟಿ ಇಳಿಯುತ್ತಿದ್ದ.
ಸೀರೆ ಸಿಕ್ಕಿಸಿ ನಾನೂ ಇಳಿದೆ.
ಕೋಲು ಮೀಟುಗೋಲಾಯಿತು, ಮೂರು ಬೆನ್ನು ಒಂದು ಬಾಗಿಲು.
ಅಷ್ಟು ಹೊತ್ತು ಅಜ್ಜ ಒಮ್ಮೆಯೂ ಕೆಮ್ಮಲಿಲ್ಲ.

ಹಲಗೆ ಕೂತ ಮೇಲೆ
ಬಲೆ ಬಿಡಿಸಿ ಸುರಿದ, ಒಳಗೆ, ಗಜನಿಗೇ.
ಮೂರೋ ನಾಲ್ಕೋ ಹಿಡಿ ಶೀಗಡಿ,
ಕತ್ತಲಲ್ಲಿ ಕಿಡಿಯ ಹಾಗೆ ಹಾರಿದವು.
ಯಾರೂ ಏನೂ ಅನ್ನಲಿಲ್ಲ.
ಸೋಮಿ ಅಕ್ಕಿ ಕೊಟ್ಟಳಾ, ಎಂದು ಮಾತ್ರ ಕೇಳಿದ.
ಕೊಟ್ಟಳು ಎಂದೆ.

ಪಾಳಿ ಪುಸ್ತಕಕ್ಕೆ ಮೂರು ಗೆರೆಯ ಕಾಲಂ:
ಹೊತ್ತು, ಹೆಸರು, ವಿಶೇಷ.
ಒದ್ದೆ ಕೈಯಲ್ಲಿ ಬರೆದೆ:
ಎರಡೂವರೆ. ಹಲಗೆ ಜಾರಿತ್ತು. ಕೂರಿಸಿದೆವು.
ಹೆಸರು ಎರಡರ ಜಾಗದಲ್ಲಿ ಮೂರು.

ಭಾನುವಾರ ಬುದವಂತ ಪುಟ ತಿರುಗಿಸಿ
ಮೂರನೆಯದರ ಮೇಲೆ ಉಗುರಿಟ್ಟ,
ಬಹಳ ಹೊತ್ತು ಇಟ್ಟ,
ಆಮೇಲೆ ಮುಂದಿನ ವಾರದ ಪಟ್ಟಿ ಬರೆಯಲು ಪೆನ್ನು ಕೇಳಿದ.

ನಾಗು ಮನೆಯ ಹಂಡೆ ಇವತ್ತಿಗೂ ಸಿಕ್ಕಿಲ್ಲ.
ಹಮ್ಮುವಿನ ಹತ್ತಿರ ನಾನು ಕೇಳಿಲ್ಲ.
ಹುಣಸೆಬೀಜ ನನ್ನ ಸೆರಗಿನ ಗಂಟಿನಲ್ಲಿವೆ,
ಬಟ್ಟೆ ಒಗೆಯುವಾಗ ಬಿಚ್ಚಿ
ಮತ್ತೆ ಕಟ್ಟುತ್ತೇನೆ.