ಎರಡು ಮನೆಯ ಬೆಕ್ಕು

ಮೊದಲು ಕಿವಿ ಬೆಚ್ಚಗಾಗಬೇಕು.
ಹಳೆಯ ಕಾಲುಚೀಲಕ್ಕೆ ಅಕ್ಕಿ ತುಂಬಿ ಗಂಟು ಹಾಕಿ
ಮೈಕ್ರೋವೇವಿನಲ್ಲಿ ಇಪ್ಪತ್ತು ಸೆಕೆಂಡು;
ನನ್ನ ಕೆನ್ನೆಗೆ ಒತ್ತಿ ನೋಡಿ, ಆಮೇಲೆ ಅವನ ಕಿವಿಗೆ.
ತಣ್ಣನೆಯ ಕಿವಿ ರಕ್ತ ಕೊಡುವುದಿಲ್ಲ
ಎಂದಿದ್ದರು ಮಾರ್ಯುನ್ ಡಾಕ್ಟರು.

ಕ್ಲಾಕ್ಸ್‌ವೀಕಿನ ಮೀನಿನ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ
ಕಾಡ್ ಮೀನಿನ ಬೆನ್ನು ಬಿಡಿಸಿದವಳು ನಾನು.
ಚಾಕು ನನಗೆ ಆರನೆಯ ಬೆರಳು.
ಆದರೂ ಆ ಬೆಳಿಗ್ಗೆ, ಮೀಸೆಯ ಕೂದಲಿನಷ್ಟು ಸಣ್ಣ ಸೂಜಿ ಹಿಡಿದು
ಕೈ ನಡುಗಿದ್ದು ಸುಳ್ಳಲ್ಲ.
ಸತ್ತ ಮೀನು ಹೀಗೆ
ಮುಖವನ್ನೇ ನೋಡುತ್ತ ಕೂರುವುದಿಲ್ಲ.

ಮೊದಲ ಚುಚ್ಚು ಕಿವಿ ತೂರಿ ನನ್ನ ಹೆಬ್ಬೆರಳಿಗೆ.
ಐದು, ನಾಲ್ಕು, ಮೂರು, ಎರಡು, ಒಂದು.
ಐದು ಪಾಯಿಂಟ್ ನಾಲ್ಕು!
ವಾಸಿಯಾಗಿಬಿಟ್ಟಿತೇ ಎಂದು ಹಿಗ್ಗಿದೆ ಒಂದು ಗಳಿಗೆ;
ಪಟ್ಟಿ ಹೀರಿದ್ದು ನನ್ನ ರಕ್ತ.

ಕಾಯಿಲೆ ತಿಳಿದದ್ದು ಹೀಗೆ:
ನೀರಿನ ಬಟ್ಟಲು ಬತ್ತುತ್ತಲೇ ಇತ್ತು.
ಬೇಲಿ ಹಾರುತ್ತಿದ್ದವನು
ಹಿಂಗಾಲಿನ ಹಿಮ್ಮಡಿ ನೆಲಕ್ಕೂರಿ
ಚಪ್ಪಲಿ ಎಳೆಯುವ ಮುದುಕನ ಹಾಗೆ ನಡೆಯತೊಡಗಿದ.
ಸುರಂಗ ದಾಟಿ ಆಸ್ಪತ್ರೆಗೆ ಒಯ್ದರೆ
'ಹೋದ ವಾರವೂ ಬಂದಿತ್ತಲ್ಲ ಇದೇ ಬೆಕ್ಕು,' ಎಂದರು ಮಾರ್ಯುನ್,
'ಹೆಸರು ಬೇರೆ. ಕರೆತಂದ ಮನುಷ್ಯ ಬೇರೆ.'

ನನಗೆ ಅವನು ಚಾಲ್ಡುರ್, ದಡದ ಕಪ್ಪುಬಿಳಿ ಹಕ್ಕಿ.
ಬೇಲಿಯಾಚೆಯ ಹೇಯಿನ್‌ಗೆ, ಸ್ಕಿಪ್ಪರ್.
ಇಲ್ಲೊಂದು ಊಟ, ಅಲ್ಲೊಂದು ಊಟ,
ಎರಡೂ ಬಾಗಿಲಲ್ಲಿ ಮೂರು ದಿನ ಉಪವಾಸವಿದ್ದ ಮುಖ.
ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣದೇ ಅನ್ನುತ್ತಾರೆ.
ಕಾಣಲಿಲ್ಲ, ಒಂಬತ್ತು ವರ್ಷ.
ಹೇಯಿನ್‌ಗೂ ನನಗೂ ಮಾತಿರಲಿಲ್ಲ.
ದೋಣಿಮನೆಯ ನಡುಗೋಡೆ ಯಾರದು ಎಂಬ ಜಗಳ.

ಏಳು ಕಿಲೋ ಬೆಕ್ಕನ್ನು
ಒಬ್ಬಳೇ ಹಿಡಿದು ಒಬ್ಬಳೇ ಚುಚ್ಚಲಾಗದು.
ಬೇಲಿಯ ಹತ್ತಿರ ನಿಂತು, ಕಡಲಿಗೆ ಹೇಳುವಂತೆ ಕೂಗಿದೆ:
ಬೆಳಿಗ್ಗೆ ಏಳು. ಸಂಜೆ ಏಳು.
ಬಂದ. ಬೂಟು ಬಿಚ್ಚಿಟ್ಟು
ನನ್ನ ಮುಖ ಬಿಟ್ಟು ಮಿಕ್ಕೆಲ್ಲವನ್ನೂ ನೋಡಿದ.

ಬಲೆ ಹೆಣೆದ ಕೈ ಅವನದು. ಟವೆಲಿನಲ್ಲಿ ಸುತ್ತಿ
ತೊಡೆಯ ನಡುವೆ ಕೂರಿಸಿಕೊಂಡರೆ
ಬೆಕ್ಕಿಗೆ ತಪ್ಪಿಸಿಕೊಳ್ಳುವುದೇ ಮರೆತುಹೋಗುತ್ತದೆ.
ಕಿವಿಯಂಚಿನ ನೀಲಿ ನರ: ಅದರ ಮೇಲಲ್ಲ,
ಅದಕ್ಕೂ ಅಂಚಿಗೂ ನಡುವಿನ ಎಳೆಯಷ್ಟು ಜಾಗದಲ್ಲಿ.
ಹಿಂದೆ ಮಡಿಸಿದ ಹತ್ತಿ, ಮುಂದೆ ತುಸು ವ್ಯಾಸಲೀನ್;
ಆಗ ಹನಿ ಕೂದಲಿಗೆ ಹರಡದೆ
ಗುಂಡಗೆ ನಿಲ್ಲುತ್ತದೆ, ಮೀನಿನ ತತ್ತಿಯಂತೆ.
'ಇಪ್ಪತ್ತಮೂರು ಪಾಯಿಂಟ್ ಒಂದು,' ಎಂದೆ ನಾನು.
'ಇಪ್ಪತ್ತಮೂರು ಪಾಯಿಂಟ್ ಒಂದು,' ಎಂದ, ಬರೆದುಕೊಂಡ.
ಚಳಿಗಾಲದವರೆಗೂ ಅಷ್ಟೇ ನಮ್ಮ ಮಾತುಕತೆ.

ನವೆಂಬರಿನ ಒಂದು ರಾತ್ರಿ
ಸೂಜಿಮದ್ದು ಹೊಕ್ಕ ಮೇಲೆ ತಿಂದದ್ದನ್ನೆಲ್ಲ ಕಕ್ಕಿದ.
ಎರಡು ಪಾಯಿಂಟ್ ನಾಲ್ಕು.
ತಲೆ ತೂಗುತ್ತ, ಗೋಡೆಯನ್ನು ಬಾಗಿಲೆಂದು ತಿಳಿದು ನಿಂತ.
ಬೆರಳಿಗೆ ಜೇನು ಸವರಿ ವಸಡಿಗೆ ತಿಕ್ಕಿದೆ.
ಹೊರಗೆ ಗಾಳಿ ಮಾಡಿನ ಹುಲ್ಲನ್ನು ಕೀಳುತ್ತಿತ್ತು.
ಅಡಿಗೆಮನೆಯ ನೆಲದ ಮೇಲೆ ಇಬ್ಬರೂ,
ಕಾಲು ಗಂಟೆಗೊಮ್ಮೆ ಒಂದು ಹನಿ:
ಎರಡು ಪಾಯಿಂಟ್ ಆರು. ಮೂರು ಪಾಯಿಂಟ್ ಒಂದು.
ಹೇಯಿನ್‌ನ ಕಾಲುಚೀಲ ಹೆಬ್ಬೆರಳ ಬಳಿ ತೂತಾಗಿತ್ತು.
ಮೂರೂವರೆಗೆ, ಐದು ಪಾಯಿಂಟ್ ಎರಡು ಬಂದಾಗ,
ಗಂಟಲು ಸರಿಮಾಡಿಕೊಂಡ.
'ಆ ಗೋಡೆ ನನ್ನದೇ.'
'ಅಲ್ಲ,' ಎಂದೆ. ಕಾಫಿಗೆ ನೀರಿಟ್ಟೆ.

ಈಗ ಕರೆಯಬೇಕಿಲ್ಲ. ಏಳಕ್ಕೆ ಐದು ನಿಮಿಷವಿರುವಾಗಲೇ
ಮೇಜಿನ ಮೇಲೆ ಕೂತು
ಎಡಗಿವಿಯನ್ನು ನನ್ನತ್ತ ತಿರುಗಿಸುತ್ತಾನೆ.
ನಮ್ಮ ಮೂವರಲ್ಲಿ ಕಿವಿಗೊಡುವುದನ್ನು ಕಲಿತವನು
ಅವನೊಬ್ಬನೇ.

ಇವತ್ತು ಏಳು ಪಾಯಿಂಟ್ ಎಂಟು.
ಸಂಭಾವನೆ: ಒಣಮೀನಿನ ಒಂದು ಚೂರು, ಒಂದೇ, ಎಂದು ಕರಾರು.
ಎರಡನೆಯದನ್ನು ಹೇಯಿನ್ ಮೇಜಿನ ಕೆಳಗೆ ಕೊಡುತ್ತಾನೆ.
ಆ ಹೊತ್ತಿಗೆ ಸರಿಯಾಗಿ
ಬಳಸಿದ ಪಟ್ಟಿ ಎಸೆಯಲೆಂದು
ನಾನು ಬೆನ್ನು ತಿರುಗಿಸಿರುತ್ತೇನೆ.